ಗಂಟು ಇಲ್ಲ ಎಂದು ನಾನೇ ಬರೆದಿದ್ದೆ

ಕೊಯಮತ್ತೂರಿನ ಆ ದೊಡ್ಡ ಆಸ್ಪತ್ರೆಯಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ ಹುಡುಗಿಗೆ ಇಪ್ಪತ್ತೈದು ದಾಟಿರಲಿಲ್ಲ. ಅವಳೂ ನರ್ಸೇ. ನನ್ನ ಆರೋಗ್ಯ ಕಾರ್ಡಿನ ನಂಬರನ್ನು ಕಂಪ್ಯೂಟರಿಗೆ ಹಾಕಿ, ಪರದೆಯಿಂದ ಕಣ್ಣು ತೆಗೆಯದೆ ತಮಿಳಿನಲ್ಲಿ ಕೇಳಿದಳು: ಹೋದ ವರ್ಷ ನಿಮಗೆ ಸ್ತನ ಪರೀಕ್ಷೆ ಆಗಿದೆಯಲ್ಲ ಅಕ್ಕಾ, ಗಂಟು ಇಲ್ಲ ಅಂತ ಇದೆ, ಯಾರು ನೋಡಿದ್ದು? ಅವಳೇ ಕೆಳಗಿನ ಸಾಲು ಓದಿಕೊಂಡಳು. ಪರೀಕ್ಷೆ ಮಾಡಿಸಿಕೊಂಡವಳು ಗೌರಮ್ಮ. ಪರೀಕ್ಷೆ ಮಾಡಿದ ನರ್ಸು ಗೌರಮ್ಮ. ಆಗ ತಲೆಯೆತ್ತಿ ನನ್ನ ಮುಖ ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಟೋಕನ್ ಕೊಟ್ಟು, ಆ ಕಡೆ ಫ್ಯಾನ್ ಕೆಳಗೆ ಕೂತುಕೊಳ್ಳಿ ಅಂದಳು.

ಪಕ್ಕದಲ್ಲಿದ್ದ ನಮ್ಮ ಯಜಮಾನರಿಗೆ ಇದು ಯಾವುದೂ ತಿಳಿಯಲಿಲ್ಲ. ಅವರು ನನ್ನ ಫೈಲನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು ನಿಂತಿದ್ದರು. ಹೊಲದಲ್ಲಿ ಆನೆ ಬಂದರೂ ಹೆದರದ ಮನುಷ್ಯ. ಅವತ್ತು ಲಿಫ್ಟ್ ಬಾಗಿಲು ತೆರೆದಾಗಲೆಲ್ಲ ಬೆಚ್ಚುತ್ತಿದ್ದರು.

ನಾನು ತಮಿಳುನಾಡಿಗೆ ಸೇರಿದ ತಾಳವಾಡಿ ಬೆಟ್ಟದ ಕನ್ನಡ ಹಳ್ಳಿಗಳಲ್ಲಿ ಹದಿನೆಂಟು ವರ್ಷದಿಂದ ನರ್ಸಮ್ಮ. ಊರು ದೊಡ್ಡಗಾಜನೂರು. ಅರಿಶಿನ, ಕೋಸು ಬೆಳೆಯುವ ಮನೆಯ ಸೊಸೆ. ಬಸುರಿಯರ ಲೆಕ್ಕ, ಮಕ್ಕಳ ಚುಚ್ಚುಮದ್ದು, ಮುದುಕರ ಬಿಪಿ ಎಲ್ಲ ನನ್ನ ತಲೆಯಲ್ಲೇ ಇರುತ್ತಿತ್ತು. ನನ್ನ ಕಾಲದ ರಿಜಿಸ್ಟರುಗಳನ್ನು ಮೇಲಿನವರು ಬೇರೆ ನರ್ಸುಗಳಿಗೆ ತೋರಿಸುತ್ತಿದ್ದರು, ಅಷ್ಟು ನೀಟು. ಆಮೇಲೆ ರಿಜಿಸ್ಟರು ಹೋಗಿ ಟ್ಯಾಬ್ ಬಂತು. ಮನೆ ಮನೆಗೆ ಹೋಗಿ, ಮೂವತ್ತು ದಾಟಿದ ಹೆಂಗಸರ ಬಿಪಿ, ಸಕ್ಕರೆ ನೋಡಿ, ಎದೆಯಲ್ಲಿ ಗಂಟು ಇದೆಯೇ ಎಂದು ಕೈಯಿಂದ ಪರೀಕ್ಷಿಸಿ ಅದರಲ್ಲಿ ತುಂಬಬೇಕು. ಒಂದು ಕಲಂ ಖಾಲಿ ಬಿಟ್ಟರೂ ಮುಂದಕ್ಕೆ ಹೋಗುವುದಿಲ್ಲ. ಊರಿನ ಹೆಸರು ಕೆಂಪಗೆ ನಿಂತಿರುತ್ತದೆ. ಎಲ್ಲ ತುಂಬಿದರೆ ಹಸಿರಾಗುತ್ತದೆ. ತಿಂಗಳ ಮೀಟಿಂಗಿನಲ್ಲಿ ಯಾರ ಊರು ಕೆಂಪಗಿದೆ ಎಂದು ಗೋಡೆಯ ಮೇಲೆ ದೊಡ್ಡದಾಗಿ ತೋರಿಸುತ್ತಾರೆ.

ಟ್ಯಾಬನ್ನು ಬೈದು ನಾನು ಒಳ್ಳೆಯವಳಾಗಲು ಇದನ್ನು ಹೇಳುತ್ತಿಲ್ಲ. ಅದು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ಸುಳ್ಳು ಉತ್ತರ ಕೊಟ್ಟವಳು ನಾನು. ನಮ್ಮ ಕಡೆ ಹೆಂಗಸರು ರವಿಕೆ ಬಿಚ್ಚಿ ತೋರಿಸುವವರಲ್ಲ. ಜಗುಲಿಯಲ್ಲಿ ಮಾವ ಕೂತಿರುತ್ತಾನೆ, ಒಳಗೆ ದನದ ಮೇವು ತುಂಬಿರುತ್ತದೆ. ಗಂಟು ಏನಾದರೂ ಇದೆಯೇನವ್ವ ಎಂದು ಕೇಳಿದರೆ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಾರೆ. ಆ ನಗುವನ್ನೇ ಉತ್ತರ ಅಂದುಕೊಂಡು ಇಲ್ಲ ಎಂದು ಒತ್ತುತ್ತಿದ್ದೆವು. ಬಿಪಿ ಮಾತ್ರ ಹೆಚ್ಚಾಗಿ ನಿಜಕ್ಕೂ ನೋಡುತ್ತಿದ್ದೆವು. ಆಮೇಲೆ ಸಿಗ್ನಲ್ ಸಿಗುವ ದಿಬ್ಬ ಹತ್ತಿ ಎಲ್ಲವನ್ನೂ ಒಟ್ಟಿಗೆ ಕಳಿಸುವುದು. ಹೊತ್ತು ಇಳಿಯುವ ಮುಂಚೆ ಆ ದಿಬ್ಬದಿಂದ ಇಳಿಯಬೇಕು, ಇಲ್ಲದಿದ್ದರೆ ಆನೆಯ ಭಯ. ಉಳಿದ ಕಲಂಗಳು ಆ ಅವಸರದಲ್ಲೇ ತುಂಬಿಕೊಳ್ಳುತ್ತಿದ್ದವು. ನನ್ನ ಊರಿನ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ಅದನ್ನೂ ಹಾಗೇ ಹಸಿರು ಮಾಡಿದ್ದೆ.

ಗಂಟು ನನ್ನ ಕೈಗೆ ಸಿಕ್ಕಿದ್ದು ಸ್ನಾನ ಮಾಡುವಾಗ, ಎಡಗಡೆ, ಕಂಕುಳಿನ ಹತ್ತಿರ. ನರ್ಸಾದವಳು ಮಾರನೆಯ ದಿನವೇ ಓಡುತ್ತಾಳೆ ಅಂದುಕೊಂಡರೆ ತಪ್ಪು. ನಾನು ಮೂರು ತಿಂಗಳು ಸುಮ್ಮನಿದ್ದೆ. ಮೊದಲು ಮುಟ್ಟಿನ ಮುಂಚಿನ ಊತ ಅಂದುಕೊಂಡೆ. ಆಮೇಲೆ ಅರಿಶಿನ ಕೀಳುವ ಕಾಲ ಬಂತು. ಆಮೇಲೆ ಪೋಲಿಯೋ ಹನಿ. ಬೇರೆಯವರಿಗೆ ಹೇಳುವ ಬುದ್ಧಿಯನ್ನು ನನಗೆ ನಾನು ಹೇಳಿಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಮುಟ್ಟಿ ನೋಡುವುದನ್ನು ಬಿಟ್ಟೆ.

ಕೊನೆಗೆ ಅತ್ತೆ ಕಂಡುಹಿಡಿದರು. ನಾನು ಎಡಗೈಯಲ್ಲಿ ಕೊಡ ಎತ್ತುವುದನ್ನು ಬಿಟ್ಟಿದ್ದೆ. ಅವರಿಗೆ ಕಣ್ಣು ಮಂಜಾಗಿದೆ, ಆದರೂ ಅದು ಅವರಿಗೆ ಕಂಡಿತು. ಮಗನನ್ನು ಕರೆದು ಕೂರಿಸಿಕೊಂಡು ಏನು ಹೇಳಿದರೋ, ಮಾರನೆಯ ದಿನ ಬೆಳಗಿನ ಬಸ್ಸಿಗೆ ನಾವು ದಿಂಬಂ ಘಾಟಿ ಇಳಿಯುತ್ತಿದ್ದೆವು. ಆ ಇಪ್ಪತ್ತೇಳು ತಿರುವುಗಳಲ್ಲಿ ನಾನು ಎಷ್ಟೋ ಬಸುರಿಯರನ್ನು ಹಿಡಿದುಕೊಂಡು ಇಳಿದಿದ್ದೇನೆ, ಹೆದರಬೇಡ ಅಂದಿದ್ದೇನೆ. ಹೆದರಬೇಡ ಅನ್ನುವ ಮಾತು ಎಷ್ಟು ದಂಡದ್ದು ಎಂದು ಅವತ್ತು ತಿಳಿಯಿತು.

ಸೂಜಿ ಹಾಕಿ ತೆಗೆದ ತುಂಡಿನ ರಿಪೋರ್ಟಿಗೆ ಒಂಬತ್ತು ದಿನ ಕಾದೆವು. ಕಾಯುವ ಹಾಲಿನಲ್ಲಿ ಸಾಲು ಸಾಲು ಕುರ್ಚಿ, ಮುಂದೆ ಗೋಡೆಯ ಮೇಲೆ ನಂಬರು ಓಡುವ ಹಲಗೆ. ಅಲ್ಲಿ ಯಾರಿಗೂ ಹೆಸರಿಲ್ಲ. ನನ್ನ ಪಕ್ಕ ಕೂರುತ್ತಿದ್ದ ಈರೋಡಿನ ಕಡೆಯ ಒಬ್ಬಳು ತನ್ನ ನಂಬರು ಬಂದರೂ ಏಳಲಿಲ್ಲ. ಇನ್ನೊಂದು ಸಲ ಕರೆಯಲಿ, ಅಷ್ಟು ಹೊತ್ತು ಚೆನ್ನಾಗಿಯೇ ಇರುತ್ತೇನಲ್ಲ ಅಂದಳು. ಆ ಮಾತು ನನಗೆ ಚೆನ್ನಾಗಿ ಅರ್ಥವಾಯಿತು. ನನ್ನ ನಂಬರು ಬಂದಾಗ ನಾನೂ ಚಪ್ಪಲಿ ಹುಡುಕುವ ನೆಪ ಮಾಡಿದೆ.

ಒಳಗೆ ಡಾಕ್ಟರು ಕ್ಯಾನ್ಸರೇ ಎಂದು ಹೇಳಿದ್ದನ್ನು ಕೇಳಿಕೊಂಡು ಹೊರಗೆ ಬಂದು ಯಜಮಾನರಿಗೆ ನಾನೇ ಹೇಳಬೇಕಾಯಿತು. ಅವರು ಕೇಳಿದ್ದು ಒಂದೇ ಮಾತು, ಊಟ ಮಾಡ್ದೇನು ಎಂದು. ಕ್ಯಾಂಟೀನಿಗೆ ಹೋಗಿ ಎರಡು ಇಡ್ಲಿ ತಂದರು. ನಾನು ತಿನ್ನುವಾಗ ಗೋಡೆಯ ಕಡೆ ತಿರುಗಿ ಅತ್ತರು. ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಆ ಮನುಷ್ಯ ಅಳುವುದನ್ನು ನೋಡಿದ್ದು ಅದೇ ಮೊದಲು. ನನಗೆ ಅವರ ಮೇಲೆ ಸಿಟ್ಟು ಬಂತು. ಅಳುವ ಹಕ್ಕು ನನ್ನದು ಅನ್ನಿಸಿತ್ತು.

ಆಪರೇಷನ್ನಿನ ಹಿಂದಿನ ದಿನ ಅತ್ತೆ ಫೋನಿನಲ್ಲಿ ಹಟ ಹಿಡಿದರು. ಕೊರಳಿನ ಲಿಂಗ ತೆಗೆಸಿ ಮಲಗಿಸುತ್ತಾರೆ ಎಂದು ಯಾರೋ ಹೇಳಿದ್ದರಂತೆ. "ಲಿಂಗ ಬುಟ್ಟು ಒಂದ್ ಗಳ್ಗ ಇರ್ಬಾರ್ದು ಕಣವ್ವ. ಅಂಗಾದ್ರ ಆಪ್ರೇಸನ್ನೇ ಬ್ಯಾಡ, ಬಂದ್ಬುಡು" ಅಂದರು. ಥಿಯೇಟರಿನ ಬಾಗಿಲಲ್ಲಿ ನಾನು ಶಿವದಾರ ಬಿಚ್ಚಿ ಲಿಂಗವನ್ನು ಅಂಗೈಯಲ್ಲಿ ಹಿಡಿದುಕೊಂಡು ನಿಂತೆ. ಅಲ್ಲಿದ್ದ ಹಿರಿಯ ನರ್ಸಿಗೆ ನಮ್ಮ ಪದ್ಧತಿ ಏನೂ ಗೊತ್ತಿಲ್ಲ, ಅವರ ಕೊರಳಲ್ಲಿ ಶಿಲುಬೆ ಇತ್ತು. ಆಕೆ ಲಿಂಗವನ್ನು ಗಾಯಕ್ಕೆ ಕಟ್ಟುವ ಬಿಳಿಯ ಗಾಜ್ ಬಟ್ಟೆಯಲ್ಲಿ ಸುತ್ತಿ, ನನ್ನ ಬಲಗೈ ಮುಷ್ಟಿಯೊಳಗೆ ಇಟ್ಟು, ಮೇಲೆ ಪ್ಲಾಸ್ಟರು ಹಾಕಿದರು. ಎಚ್ಚರವಾದಾಗ ಎಡಗಡೆ ಎದೆ ಇರಲಿಲ್ಲ. ಲಿಂಗ ಮುಷ್ಟಿಯಲ್ಲೇ ಇತ್ತು. ಆ ನರ್ಸಿನ ಹೆಸರು ಕೇಳಿಕೊಳ್ಳಲಾಗಲಿಲ್ಲ ಎಂಬ ಕೊರಗು ಈಗಲೂ ಇದೆ.

ಆಮೇಲೆ ಕೀಮೋ. ಆ ವಾರ್ಡಿನಲ್ಲಿ ನರ್ಸುಗಳು ಚಕ್ರದ ಮೇಜಿನ ಮೇಲೆ ಕಂಪ್ಯೂಟರು ತಳ್ಳಿಕೊಂಡು ಬರುತ್ತಾರೆ. ನಮ್ಮ ಕೈಗೆ ಒಂದು ಪಟ್ಟಿ, ಅದರಲ್ಲಿ ಅಂಗಡಿಯ ಸೋಪಿನ ಮೇಲಿರುವಂಥ ಗೀರುಗಳು. ಮೊದಲು ಪಟ್ಟಿಗೆ ಬೆಳಕು ಹಿಡಿದು, ಆಮೇಲೆ ಔಷಧದ ಚೀಲಕ್ಕೆ ಹಿಡಿಯುತ್ತಾರೆ. ಎರಡನೆಯ ಸಲ ನನಗೆ ತಂದ ಚೀಲಕ್ಕೆ ಬೆಳಕು ಹಿಡಿದಾಗ ಕಂಪ್ಯೂಟರು ಕೀಂಯ್ ಎಂದು ಬಡಿದುಕೊಂಡಿತು. ವಾರ್ಡಿನಲ್ಲಿ ಇನ್ನೊಬ್ಬಳು ಗೌರಮ್ಮ ಇದ್ದಳು, ಚೀಲ ಅವಳದು. ಆ ಸದ್ದು ಬರದಿದ್ದರೆ ಅವಳ ವಿಷ ನನ್ನ ರಕ್ತಕ್ಕೆ ಇಳಿಯುತ್ತಿತ್ತು. ಆ ಯಂತ್ರಕ್ಕೆ ಕೈಮುಗಿಯಬೇಕು ಅನ್ನಿಸಿತು.

ಅಲ್ಲಿ ಜಯಾ ಎಂಬ ನರ್ಸಿದ್ದಳು. ನೋವು ಒಂದರಿಂದ ಹತ್ತರೊಳಗೆ ಎಷ್ಟು ಎಂದು ಕೇಳಿ ಬರೆದುಕೊಳ್ಳುವುದು ಅವಳ ಕೆಲಸ. ನಾನು ನಾಲ್ಕು ಅಂದೆ. ನರ್ಸಾಗಿ ಇನ್ನೊಬ್ಬ ನರ್ಸಿನ ಮುಂದೆ ನರಳುವುದು ನನಗೆ ಅವಮಾನ. ಅವಳು ಬೆರಳು ಒತ್ತುವ ಮುಂಚೆ ನನ್ನ ಕಡೆ ತಿರುಗಿ, ಹಾಸಿಗೆಯ ಅಂಚನ್ನು ಹಿಡಿದಿದ್ದ ನನ್ನ ಕೈ ನೋಡಿ, ಅಕ್ಕಾ ನಾನು ಏಳು ಎಂದು ಹಾಕುತ್ತೇನೆ, ಇದರಲ್ಲಿ ಸುಳ್ಳು ಬರೆದರೆ ನಿಮಗೆ ಔಷಧ ಸಾಲದೆ ಬರುತ್ತದೆ ಅಂದಳು. ಹೋಗುವಾಗ ಹೊದಿಕೆ ಸರಿಮಾಡಿದಳು. ಅವಳು ಹೋದ ಮೇಲೆ ನಾನು ಅತ್ತುಬಿಟ್ಟೆ. ನೋವಿಗೆ ಅತ್ತಿದ್ದಲ್ಲ ಅದು.

ನನಗೆ ನನ್ನ ಪಾಲಿನ ಇನ್ನೊಂದು ಹಳ್ಳಿ ತಿಗನಾರೆ ನೆನಪಾಗಿತ್ತು. ನನ್ನ ಹೆಸರನ್ನು ಹಸಿರು ಮಾಡಿದ ವಾರವೇ ಅಲ್ಲಿ ಹನ್ನೊಂದು ಹೆಂಗಸರನ್ನು ಒಂದೇ ಮಧ್ಯಾಹ್ನ ಮುಗಿಸಿದ್ದೆ. ಹತ್ತು ಜನ ನಕ್ಕಿದ್ದರು. ಹನ್ನೊಂದನೆಯವಳು ಮಾದೇವಿ. ನನಗಿಂತ ಐದಾರು ವರ್ಷ ದೊಡ್ಡವಳು, ಕೂಲಿ ಮಾಡುವವಳು. ಅವರ ರಾಗಿ ಹೊಲಕ್ಕೆ ಹಂದಿ ಕಾಟ, ಗಂಡ ಕಾಲು ಮುರಿದುಕೊಂಡಿದ್ದ. ಹಾಗಾಗಿ ರಾತ್ರಿಯೆಲ್ಲ ಅವಳೇ ಅಟ್ಟಣೆಯ ಮೇಲೆ ಕೂತು ತಗಡು ಬಡಿದು, ಹಗಲು ಮಲಗುತ್ತಿದ್ದಳು. ನಾನು ಹೋದಾಗ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಗಂಡ ಎಬ್ಬಿಸಹೋದ. ಪಾಪ ಮಲಗಿರಲಿ ಬಿಡಿ ಅಂದೆ. ನಿಜಕ್ಕೂ ಮರುಕದಿಂದಲೇ ಅಂದೆ. ಆಮೇಲೆ ದಿಬ್ಬ ಹತ್ತಿ ಅವಳ ಬಿಪಿ ನೂರಿಪ್ಪತ್ತು ಎಂಬತ್ತು, ಗಂಟು ಇಲ್ಲ ಎಂದು ತುಂಬಿ ಕಳಿಸಿದೆ. ನೋಡದೆ ಬರೆಯುವ ಬಿಪಿ ನಮ್ಮಲ್ಲಿ ಯಾವಾಗಲೂ ನೂರಿಪ್ಪತ್ತು ಎಂಬತ್ತೇ.

ಸೂಜಿ ಚುಚ್ಚಿಸಿಕೊಂಡು ಮಲಗಿ ಆ ಹನ್ನೊಂದು ಹೆಸರು ಹೇಳಿಕೊಳ್ಳುತ್ತಿದ್ದೆ. ನನಗೆ ಬಂದದ್ದು ಅವರಲ್ಲಿ ಒಬ್ಬರಿಗೆ ಬಂದಿದ್ದರೆ? ನಾನು ಹಸಿರು ಮಾಡಿದ ಮೇಲೆ ಮುಂದಿನ ಸುತ್ತಿನವರೆಗೆ ಯಾರೂ ಅವರ ಮನೆಗೆ ಅದಕ್ಕಾಗಿ ಹೋಗುವುದಿಲ್ಲ. ಪಟ್ಟಿಯೇ ಅವರನ್ನು ಮುಚ್ಚಿಡುತ್ತದೆ. ವಾಂತಿ ನಿಂತ ಒಂದು ದಿನ ಯಜಮಾನರಿಗೆ ಎಲ್ಲ ಹೇಳಿದೆ.

"ನೀ ಏಳ್ನಿಲ್ಲ ಅಂದ್ರ ಯಾರ್ಗ ಗೊತ್ತಾದ್ದು ಗೌರಿ? ಕೆಲ್ಸ ಒಯ್ತದ. ಮದ್ಲು ನಿನ್ ಜೀವ ಉಳುಸ್ಕ" ಅಂದರು.

"ಅವ್ರ್ದೂ ಜೀವನೇ ಅಲ್ವಾ" ಅಂದೆ. ಅವರು ಫೋನ್ ತೆಗೆದು ನನ್ನ ಕೈಗೆ ಕೊಟ್ಟು ಹೊರಗೆ ಎದ್ದುಹೋದರು.

ನನ್ನ ಜಾಗದಲ್ಲಿ ಕೆಲಸ ನೋಡುತ್ತಿದ್ದವಳು ಸೆಲ್ವಿ, ಕೆಳಗಿನ ಊರಿನಿಂದ ಬಂದ ಚಿಕ್ಕ ಹುಡುಗಿ. ತಿಗನಾರೆ ಪೂರ್ತಿ ಹಸಿರಿದೆಯಲ್ಲ ಅಕ್ಕಾ, ನಾನು ಕೆಂಪಿರುವ ಊರಿಗೇ ಹೋಗಲಾಗುತ್ತಿಲ್ಲ ಅಂದಳು. ಹಸಿರು ಸುಳ್ಳು ಎಂದು ಹೇಳಿದೆ. ಮುಗಿದ ದಾಖಲೆಯನ್ನು ಮತ್ತೆ ತೆರೆಯಬೇಕಾದರೆ ಟ್ಯಾಬ್ ಕಾರಣ ಕೇಳುತ್ತದೆ. ವಯಸ್ಸು ತಪ್ಪು, ಹೆಸರು ತಪ್ಪು, ಊರು ಬಿಟ್ಟಿದ್ದಾರೆ, ಸತ್ತಿದ್ದಾರೆ ಎಂದು ಕಾರಣಗಳ ಪಟ್ಟಿಯನ್ನು ಅವಳು ಓದಿದಳು. ನೋಡದೆ ಬರೆದದ್ದು ಎಂಬ ಕಾರಣ ಅದರಲ್ಲಿರಲಿಲ್ಲ. ಇತರೆ ಎಂದು ಒತ್ತಿ, ಗೌರಮ್ಮ ಪರೀಕ್ಷೆ ಮಾಡದೆ ತುಂಬಿದ್ದಾಳೆ ಎಂದು ನೀನೇ ಬರೆ ಅಂದೆ. ಹೆಸರು ಬೇಡ ಅಕ್ಕಾ ಅಂದಳು. ಹೆಸರು ಹಾಕು ಅಂದೆ. ಹನ್ನೊಂದು ಸಲ ಹಾಕಿದಳು.

ಒಂದು ವಾರದ ಮೇಲೆ ಅವಳ ಫೋನು ಬಂತು. ಶಾಲೆಯ ಕೋಣೆಯೊಂದರ ಕಿಟಕಿಗೆ ಸೀರೆ ಕಟ್ಟಿ, ಒಬ್ಬೊಬ್ಬರನ್ನೇ ಒಳಗೆ ಕರೆದು ನೋಡಿದ್ದಳು. ಹತ್ತು ಜನರಿಗೆ ಏನೂ ಇಲ್ಲ. ಮಾದೇವಿಗೆ ಬಲಗಡೆ ದೊಡ್ಡ ಗಂಟು, ಚರ್ಮ ಎಳೆದುಕೊಂಡಿದೆ. ಸೆಲ್ವಿ ಅಳುತ್ತಿದ್ದಳು. ನಾನು ಅಳಲಿಲ್ಲ. ಆ ಹೊತ್ತಿಗೆ ನನಗೆ ಅನ್ನಿಸಿದ್ದನ್ನು ಹೇಳಿಬಿಡುತ್ತೇನೆ: ಅವಳ ಬದಲು ನಾನೇ ಸಾಯಬಾರದೇ ಎಂದಲ್ಲ, ಇದು ನನಗೆ ಗೊತ್ತಾಗದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು. ಮನುಷ್ಯರು ಅಷ್ಟೇ.

ಈಗ ನನ್ನ ಚಿಕಿತ್ಸೆ ಮುಗಿದಿದೆ. ದಿನಕ್ಕೊಂದು ಮಾತ್ರೆ, ಮೂರು ತಿಂಗಳಿಗೊಮ್ಮೆ ತಪಾಸಣೆ. ಕೂದಲು ಬಂದಿದೆ, ಮೊದಲಿನಷ್ಟಿಲ್ಲ. ಎಡಗೈ ಸಂಜೆಯ ಹೊತ್ತಿಗೆ ಊದುತ್ತದೆ. ಮೇಲಿನವರು ಲಿಖಿತ ವಿವರಣೆ ಕೇಳಿದರು, ನಡೆದದ್ದನ್ನು ನಡೆದ ಹಾಗೆ ಬರೆದುಕೊಟ್ಟೆ. ಇನ್ನೂ ತೀರ್ಮಾನವಾಗಿಲ್ಲ. ಕೆಲವು ಜೊತೆಯ ನರ್ಸುಗಳು ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಎಲ್ಲರ ಊರನ್ನೂ ಮತ್ತೆ ನೋಡಿಸುವ ಹಾಗೆ ಮಾಡಿದಳು ಎಂದು. ಇದನ್ನು ಓದುವವರಲ್ಲಿ ಸ್ನಾನದ ಮನೆಯಲ್ಲಿ ಗಂಟು ಕೈಗೆ ಸಿಕ್ಕಿ ಸುಮ್ಮನಿರುವವರು ಇದ್ದರೆ, ನಿಮ್ಮಂಥವಳು ಒಬ್ಬಳು ನಾನಿದ್ದೇನೆ, ನಾಳೆಯೇ ಹೋಗಿ. ಹೇಳಿದರೆ ಯಾರೂ ಹೋಗುವುದಿಲ್ಲ ಎಂದೂ ಗೊತ್ತು.

ಮೊದಲ ತಪಾಸಣೆಗೆ ಹೋದ ದಿನ ಮಾದೇವಿ ಅದೇ ಹಾಲಿನಲ್ಲಿ ಕೂತಿದ್ದಳು. ಆ ಆಸ್ಪತ್ರೆ ಈ ಆಸ್ಪತ್ರೆ ಎಂದು ತಿಂಗಳುಗಟ್ಟಲೆ ಅಲೆಸಿ ಕೊನೆಗೆ ಇಲ್ಲಿಗೆ ಕಳಿಸಿದ್ದರು. ಸ್ಕ್ಯಾನ್ ಆಗಿತ್ತು, ಡಾಕ್ಟರನ್ನು ಕಾಣಬೇಕಿತ್ತು. ಗಂಡನ ಕಾಲು ಸರಿಯಿಲ್ಲವೆಂದು ಒಬ್ಬಳೇ ಬಂದಿದ್ದಳು. ಎಷ್ಟು ಇಳಿದುಹೋಗಿದ್ದಳೆಂದರೆ ಮೊದಲು ಗುರುತು ಸಿಗಲಿಲ್ಲ. ಅವಳೇ ನನ್ನನ್ನು ಕಂಡು, ಪಕ್ಕದ ಕುರ್ಚಿಯಿಂದ ಚೀಲ ತೆಗೆದು ಜಾಗ ಮಾಡಿದಳು. ನನ್ನ ಊದಿದ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಸವರತೊಡಗಿದಳು.

"ನೀ ಅಂತ ಕಾಯ್ಲದಲ್ಲಿ ಬಿದ್ದಿದ್ರೂವಿ ನನ್ ನೆಪ್ಪು ಮಾಡ್ಕಂಡು ಆ ನರ್ಸ್ ಮಗೀನ ಕಳುಸ್ದಲ್ಲವ್ವ. ಊರೆಲ್ಲ ಅದ್ನೇ ಮಾತಾಡದು" ಅಂದಳು.

ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. ಸೆಲ್ವಿ ಹೇಳಿಲ್ಲ, ಊರಿನವರಿಗೆ ಗೊತ್ತಿಲ್ಲ. ಗೊತ್ತಿದ್ದುದು ಟ್ಯಾಬಿಗೆ, ಮೇಲಿನವರಿಗೆ, ನಮ್ಮ ನರ್ಸುಗಳಿಗೆ. ನಾನು ಸುಮ್ಮನಿದ್ದುಬಿಟ್ಟಿದ್ದರೆ ಅವಳ ಕಣ್ಣಲ್ಲಿ ಕೊನೆಯವರೆಗೂ ದೇವರಂಥವಳಾಗಿ ಇರುತ್ತಿದ್ದೆ. ಆ ಆಸೆ ನನಗೆ ಆಯಿತು. ಹಲಗೆಯ ಮೇಲೆ ಎರಡು ನಂಬರು ಓಡುವಷ್ಟು ಹೊತ್ತು ಆಯಿತು. ಅವಳು ಸವರುವುದನ್ನು ನಿಲ್ಲಿಸಲಿಲ್ಲ, ಅದನ್ನೇ ನನಗೆ ತಾಳಲಾಗಲಿಲ್ಲ.

"ಮಾದೇವಕ್ಕ, ಓದ್ ವರ್ಸ ನಾ ನಿಮ್ಮನ್ಗ ಬಂದಿದ್ದಿ. ನೀ ಮಲ್ಗಿದ್ದ. ನಿನ್ನ ಎಬ್ಬುಸ್ನಿಲ್ಲ, ಮುಟ್ನಿಲ್ಲ. ಗಂಟು ಇಲ್ಲ ಅಂತ ಬರ್ದುಬುಟ್ಟಿ."

ಅವಳ ಕೈ ನಿಂತಿತು. ನನ್ನ ಕೈಯನ್ನು ಮೆಲ್ಲಗೆ ಎತ್ತಿ ನನ್ನ ತೊಡೆಯ ಮೇಲೆ ಇಟ್ಟಳು. ನಮ್ಮ ಎದುರಿನ ಸಾಲಿನಲ್ಲಿದ್ದವರು ಎದ್ದುಹೋಗಿ ಬೇರೆಯವರು ಬಂದು ಕೂತರು.

"ಆಗ್ಲೂ ಇತ್ತು ಕಣವ್ವ" ಅಂದಳು ಕೊನೆಗೆ. "ಅವರೆಕಾಳಸ್ಟಿತ್ತು. ಯಾರ್ಗ ತೋರ್ಸದು ಅಂತ ನಾ ಸುಮ್ಗಿದ್ದಿ. ನೀ ಎಬ್ಬುಸಿದ್ರ ನಾ ತೋರುಸ್ತಿದ್ದಿ."

ಕ್ಷಮಿಸು ಅನ್ನುವುದಕ್ಕೂ ನಾಚಿಕೆಯಾಯಿತು. ಅಷ್ಟರಲ್ಲಿ ಅವಳ ನಂಬರು ಬಂತು. ಅವಳು ಎದ್ದು, ಫೈಲು ತೆಗೆದುಕೊಂಡು, ನಾಲ್ಕು ಹೆಜ್ಜೆ ಹೋಗಿ ನಿಂತಳು. ತಿರುಗಿ ಬಂದು ಫೈಲನ್ನು ನನ್ನ ಕೈಗೆ ಕೊಟ್ಟಳು.

"ಒಳ್ಗ ಬಾ. ಅವ್ರು ಏಳದು ನಂಗ ತಿಳ್ಯಲ್ಲ. ಇದ್ದುದ್ನ ಇದ್ದಂಗೇ ಏಳು."

ಒಳಗೆ ಡಾಕ್ಟರು ಪರದೆಯನ್ನು ನಮ್ಮ ಕಡೆ ತಿರುಗಿಸಿ ಸ್ಕ್ಯಾನ್ ತೋರಿಸಿದರು. ಅರ್ಧ ಇಂಗ್ಲಿಷು, ಅರ್ಧ ತಮಿಳು. ಮೆತ್ತಗಿನ ಮಾತುಗಳಲ್ಲಿ ಸುತ್ತಿ ಸುತ್ತಿ ಹೇಳಿದರು. ಅವರು ನಿಲ್ಲಿಸಿದಾಗ ಮಾದೇವಿ ನನ್ನ ಕಡೆ ನೋಡಿದಳು. ಗಂಟು ಎದೆಯಲ್ಲಷ್ಟೇ ಇಲ್ಲ, ಲಿವರಿಗೂ ಬೆನ್ನು ಮೂಳೆಗೂ ಹೋಗಿದೆ ಅಂದೆ. ಔಷಧ ಕೊಡುತ್ತಾರೆ, ನೋವು ಕಡಿಮೆಯಾಗುತ್ತದೆ, ಸ್ವಲ್ಪ ಕಾಲ ಸಿಗುತ್ತದೆ ಅಂದೆ.

"ವಾಸಿ ಆಯ್ತದಾ?" ಎಂದು ಕೇಳಿದಳು.

"ಇಲ್ಲ ಮಾದೇವಕ್ಕ."

ಅವಳು ನನ್ನ ಮುಖವನ್ನೇ ನೋಡಿದಳು. ಡಾಕ್ಟರ ಕಡೆಗೂ ನೋಡಲಿಲ್ಲ, ಪರದೆಯ ಕಡೆಗೂ ನೋಡಲಿಲ್ಲ. ಆಮೇಲೆ ನನ್ನ ಮಾತನ್ನು ನಂಬಿದಳು.